ಪರದೆಯ ಮೇಲಿನ ಕಿಡಿಗಳು

“ನೋಡಿ, ಕುಡಿದವರ ಕುಣಿತ!” ಎಂದ ಸಂಶೋಧಕ. ಪರದೆಯ ಮೇಲೆ ರೋಗಿಯೊಬ್ಬರ ಹೃದಯದ ಮೇಲ್ಕೋಣೆಯ ಕೋಶಗಳ ವಿಡಿಯೊ ಓಡುತ್ತಿತ್ತು. ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಸೋರಿದಾಗಲೆಲ್ಲ ಒಂದು ಕಿಡಿ ಮಿನುಗುತ್ತಿತ್ತು; ಎದೆಬಡಿತದ ತಾಳ ತಪ್ಪಿಸುವುದು ಅದೇ. ಪ್ರಯೋಗಾಲಯ ನೋಡಲು ಬಂದವರೆಲ್ಲ ನಕ್ಕರು.

ಮುಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ನಗಲಿಲ್ಲ. “ನಮ್ಮ ಯಜಮಾನರು ಇದೇ ಕಾಯಿಲೇಲಿ ಹೋದ್ರಪ್ಪ. ಆಪರೇಷನ್‌ನಲ್ಲಿ ತೆಗೆದ ಹೃದಯದ ಚೂರನ್ನ ನಿಮಗೇ ಕೊಟ್ಟಿದ್ರು. ಇದು ಅವರದ್ದಾ?”

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. “ಯಾರದೂಂತ ಆಸ್ಪತ್ರೆಯವರು ನಮಗೆ ಹೇಳೋದಿಲ್ಲಮ್ಮ. ನಾನು ಹಾಗೆ ಅನ್ನಬಾರದಿತ್ತು,” ಎಂದು ತಡವರಿಸಿ, ಪರದೆ ಆರಿಸಲು ಕೈ ಚಾಚಿದ.

“ಬೇಡಪ್ಪ, ಇರಲಿ. ಅವರದ್ದೇ ಇದ್ರೂ ಇರಬಹುದು. ಸ್ವಲ್ಪ ಹೊತ್ತು ನೋಡ್ತೀನಿ.”

ಅವನು ತಲೆಯೆತ್ತಲಾಗದೆ ತನ್ನ ಕುರ್ಚಿಯನ್ನು ಅವರತ್ತ ಸರಿಸಿದ.