ಸಭೆಗೆ ಬೆನ್ನು

ನೃತ್ಯೋತ್ಸವದ ವೇದಿಕೆಯಲ್ಲಿ ಡೋಲಿನ ಮೊದಲ ಪೆಟ್ಟಿಗೆ ಟೀಚರಮ್ಮ ಬಲಕ್ಕೆ ಹೆಜ್ಜೆ ಹಾಕಿದರು; ಹಿಂದೆ ಸಾಲಾಗಿ ನಿಂತಿದ್ದ ಹನ್ನೆರಡು ಶಿಷ್ಯರೂ ಎಡಕ್ಕೆ ಹೋದರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕಾಗ ಟೀಚರಮ್ಮ ಓರೆಗಣ್ಣಿನಿಂದ ಹಿಂದೆ ನೋಡಿದರು. ತಪ್ಪು ಶಿಷ್ಯರದ್ದಲ್ಲ, ತಮ್ಮದೇ. ಮೂರು ದಿನದ ಶಿಬಿರದಲ್ಲಿ ಅವರಿಗೆ ಎದುರು ನಿಂತು ಕಲಿಸಿದ್ದರು. ಶಿಷ್ಯರು ಕನ್ನಡಿ ನೋಡಿದಂತೆ, ಎಡಬಲ ಅದಲುಬದಲಾಗಿ ಕಲಿತಿದ್ದರು.

ಕೂಗಿ ಹೇಳೋಣವೆಂದರೆ ಬೇರೆ ಬೇರೆ ನಾಡಿನಿಂದ ಬಂದ ಹನ್ನೆರಡು ಜನಕ್ಕೆ ಒಂಬತ್ತು ಭಾಷೆ. ಎಡ, ಬಲ ಅಂದರೆ ತಿಳಿಯುವುದು ಸಾಲಿನ ನಡುವೆ ಇದ್ದ ಶಿಷ್ಯ, ಕನ್ನಡ ಬಲ್ಲ ಬಸ್ ಡ್ರೈವರ್ ಒಬ್ಬನಿಗೇ. ಎರಡನೇ ಪೆಟ್ಟಿಗೆ ಅರ್ಧ ಜನ ಟೀಚರಮ್ಮನ ಬೆನ್ನನ್ನು ನಂಬಿದರು, ಇನ್ನರ್ಧ ಜನ ತಮ್ಮ ಕಾಲನ್ನು. ಭುಜಕ್ಕೆ ಭುಜ ಡಿಕ್ಕಿ ಹೊಡೆಯಿತು. ಡ್ರೈವರ್ ಎರಡೂ ಕಡೆಯಿಂದ ಗುದ್ದಿಸಿಕೊಂಡು ಕಂಬದಂತೆ ನಿಂತುಬಿಟ್ಟ. ಬೆಳಿಗ್ಗೆಯಷ್ಟೇ ಅವನಿಗೆ ಟೀಚರಮ್ಮನಿಂದ ಗದರಿಕೆ ಬಿದ್ದಿತ್ತು: "ನೋಡೋಕೆ ಬಂದೋರಿಗೆ ಬೆನ್ನು ತೋರಿಸ್ತೀರಲ್ರೀ! ನಲವತ್ತು ವರ್ಷ ಕುಣಿದಿದ್ದೀನಿ, ಒಂದು ಸಲಾನೂ ಸಭೆಗೆ ಬೆನ್ನು ಹಾಕಿಲ್ಲ."

ಮೂರನೇ ಪೆಟ್ಟು ಬೀಳುವಷ್ಟರಲ್ಲಿ ಟೀಚರಮ್ಮ ಗರ್ರನೆ ತಿರುಗಿ ಶಿಷ್ಯರಿಗೆ ಎದುರಾದರು.

"ಮೇಡಂ, ಬೆನ್ನು!" ಡ್ರೈವರ್ ಗಾಬರಿಯಿಂದ ಪಿಸುಗುಟ್ಟಿದ.

"ಇರ್ಲಿ ಬಿಡ್ರೀ. ನನ್ನ ನೋಡಿ," ಎಂದು ಅವರು ಬಲಗಾಲು ಎತ್ತಿದರು. ಹನ್ನೆರಡು ಎಡಗಾಲುಗಳು ಒಟ್ಟಿಗೇ ಎದ್ದವು.