ಹೊಟ್ಟಪ್ಪನ ಪೀಠ

ಬಡಗಿ ನಾಯಿಯ ಗದ್ದ ಹಿಡಿದು ತಲೆಯನ್ನು ನೆಟ್ಟಗೆ ಮಾಡಿದ; ಹೊಟ್ಟಪ್ಪ ನೀರಿನ ಬೋಗುಣಿಗೆ ಮೂಗು ತಾಗಿಸುವಷ್ಟರಲ್ಲಿ ಎಡಕ್ಕೆ ವಾಲಿ ಧೊಪ್ಪನೆ ಬಿದ್ದ. ಬೆಳಗಿನಿಂದ ಇದು ಐದನೆಯ ಸಲ. ನೆಲ ಡೊಂಕು ಎನ್ನುವ ಹಾಗೂ ಇರಲಿಲ್ಲ, ನೆಲದ ಮೇಲೂ ಬಡಗಿ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವುದನ್ನು ನೋಡಿಯಾಗಿತ್ತು.

ಹದಿಮೂರು ವರ್ಷದ ಮುದಿ ನಾಯಿ. ಮರದ ಹೊಟ್ಟಿನ ರಾಶಿಯಲ್ಲೇ ಮಲಗಿ ಬೆಳೆದದ್ದರಿಂದ ಆ ಹೆಸರು. ಹತ್ತು ದಿನದ ಹಿಂದೆ ಎದ್ದವನಿಗೆ ಲೋಕವೇ ಗಿರಗಿರನೆ ತಿರುಗಿತ್ತು. ಕಿವಿಯೊಳಗಿನ ಸಮತೋಲ ಕೆಟ್ಟಿದೆ ಎಂದರು ಡಾಕ್ಟರು. ಗುಳ್ಳೆ ಜಾಗ ಬಿಟ್ಟಿದೆ ಎಂದು ಬಡಗಿ ಅರ್ಥಮಾಡಿಕೊಂಡ. ಸುತ್ತು ಇಳಿದಿತ್ತು, ತಲೆ ಮಾತ್ರ ಎಡಕ್ಕೆ ಓರೆಯಾಗಿ ಉಳಿದಿತ್ತು. "ಶನಿವಾರದೊಳಗೆ ತಾನಾಗೇ ನೀರು ಕುಡಿದ್ರೆ ಬದುಕ್ಕೊಳ್ಳುತ್ತೆ. ಇಲ್ಲಾಂದ್ರೆ ಪಾಪ, ನರಳಿಸೋದು ಬೇಡ," ಎಂದಿದ್ದರು. ಇವತ್ತು ಶುಕ್ರವಾರ.

ಗಿರಾಕಿಗಳ ಕೆಲಸವನ್ನೆಲ್ಲ ಮೂಲೆಗೆ ತಳ್ಳಿ ಬಡಗಿ ಬೋಗುಣಿಗೆಂದೇ ಪೀಠ ಮಾಡಿದ್ದ. ಬೋಗುಣಿ ಕೂರಲು ನಡುವೆ ಗುಳಿ, ಕೆಳಗೆ ನಾಲ್ಕು ಕಾಲು. ರಸಮಟ್ಟ ಇಟ್ಟರೆ ಗುಳ್ಳೆ ಕೂದಲೆಳೆಯಷ್ಟೂ ಆಚೀಚೆ ಸರಿಯುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಅವನ ಕೈಯಿಂದ ಒಂದೇ ಒಂದು ಡೊಂಕು ಸಾಮಾನು ಹೊರಬಿದ್ದಿರಲಿಲ್ಲ. ಗುಳ್ಳೆ ನಡುವೆ ನಿಂತ ಮೇಲೆ, ಒಂದು ಕಾಲಿನ ತುದಿಯಲ್ಲಿ ಪೆನ್ಸಿಲಿನಿಂದ 'ಸರಿ' ಎಂಬ ಗುರುತು ಹಾಕುತ್ತಿದ್ದ. ಗುರುತಿಲ್ಲದ್ದನ್ನು ಯಾರು ಕಾಡಿ ಬೇಡಿದರೂ ಕೊಡುತ್ತಿರಲಿಲ್ಲ.

"ಏಳು ನನ್ನಪ್ಪ, ಇನ್ನೊಂದ್ಸಲ," ಎಂದು ಮತ್ತೆ ಗದ್ದಕ್ಕೆ ಕೈ ಹಾಕಿದ.

"ಮೊದ್ಲು ಅವನ ತಲೆ ಬಿಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ನೀವು ಹಿಡಿದಾಗ್ಲೇ ಅವನು ಬೀಳೋದು."

"ಬಿಟ್ರೆ ಡೊಂಕಾಗುತ್ತಲ್ಲೇ."

"ಇಷ್ಟು ವರ್ಷ ಬಾಲ ಡೊಂಕಿತ್ತು. ದಬ್ಬೆ ಕಟ್ಟಿ ನೆಟ್ಟಗೆ ಮಾಡೋಕೆ ಹೋದ್ರಾ? ಈಗ ತಲೆಯೂ ಡೊಂಕಾಗಿದೆ, ಅಷ್ಟೇ. ಅವನಿಗೆ ಈಗ ಅದೇ ನೆಟ್ಟಗೆ."

ಬಡಗಿ ಕೈ ತೆಗೆದ. ಹೊಟ್ಟಪ್ಪ ತಡಬಡಿಸಿ ಎದ್ದ, ಕಾಲು ಅಗಲಿಸಿದ, ಓರೆ ತಲೆಯಲ್ಲೇ ಬೋಗುಣಿಯ ಮುಂದೆ ನಿಂತ. ಬೀಳಲಿಲ್ಲ. ಎಡಗಡೆ ಇಳಿಬಿದ್ದ ನಾಲಿಗೆಗೂ ನೀರಿಗೂ ಎರಡು ಬೆರಳಿನ ದೂರವಿತ್ತು. ಇಷ್ಟು ದಿನ ಇವನನ್ನು ಬೀಳಿಸುತ್ತಿದ್ದದ್ದು ನಾನೇ ಎಂದು ಬಡಗಿಗೆ ಹೊಳೆಯಿತು.

ಬೋಗುಣಿಯನ್ನು ಎತ್ತಿಟ್ಟು ಗರಗಸ ತಂದ. ಪೀಠದ ಎಡಗಡೆಯ ಎರಡು ಕಾಲನ್ನೂ ತುದಿಯಲ್ಲಿ ಎರಡೆರಡು ಬೆರಳಿನಷ್ಟು ಕುಯ್ದ. 'ಸರಿ' ಗುರುತಿದ್ದ ತುಂಡು ಉರುಳಿ ಹೊಟ್ಟಿನೊಳಗೆ ಬಿತ್ತು.

"ನಲವತ್ತು ವರ್ಷದ ಮಾನ ಹೋಯ್ತಲ್ರೀ," ಎಂದಳು ಹೆಂಡತಿ.

"ಹೋಗ್ಲಿ ಬಿಡು. ನೀರು ತುಂಬು."

ಪೀಠ ವಾಲಿತು, ನೀರು ಎಡ ಅಂಚಿಗೆ ಬಂದು ನಿಂತಿತು. ಹೊಟ್ಟಪ್ಪ ನಾಲಿಗೆ ಚಾಚಿದ. ಲೊಚಲೊಚನೆ ಸದ್ದು. ಒಮ್ಮೆ ತೂರಾಡಿದ, ಸಾವರಿಸಿಕೊಂಡ, ಮತ್ತೆ ಕುಡಿದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿದ್ದರೆ ಇಬ್ಬರೂ ಅಳುತ್ತಿದ್ದರು.

ಹೊಟ್ಟಪ್ಪ ಹೋಗಿ ಹೊಟ್ಟಿನ ರಾಶಿಯಲ್ಲಿ ಗೊರಕೆ ಹೊಡೆಯತೊಡಗಿದ ಮೇಲೆ ಬಡಗಿ ಪೀಠವನ್ನು ಬೋರಲು ಹಾಕಿದ. ರೂಢಿಯಂತೆ ಅವನ ಕೈ ರಸಮಟ್ಟದ ಕಡೆ ಹೋಗಿ ಅರ್ಧದಲ್ಲೇ ಹಿಂದೆ ಬಂತು. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಗಿಡ್ಡಾದ ಕಾಲಿನ ಹಸಿ ತುದಿಯಲ್ಲಿ ಬರೆದ: ಸರಿ.