ನಲವತ್ತು ಜನ ಕುಡಿದ ಕಷಾಯ

ಮಾಗಿಯ ಚಳಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪೇಟೆಂಟ್ ಕಚೇರಿಯಲ್ಲಿ ವಿಚಾರಣೆ ಶುರುವಾಯಿತು. ನಮ್ಮ ಮನೆತನದ ಕಾಮಾಲೆ ಕಷಾಯವನ್ನು ತಾನೇ ಕಂಡುಹಿಡಿದೆನೆಂದು ಒಬ್ಬ ಔಷಧ ಕಂಪನಿಯವನು ಅರ್ಜಿ ಹಾಕಿದ್ದ. ಅದು ಮಂಜೂರಾದರೆ ನಾವು ಯಾರಿಗೂ ಮದ್ದು ಕೊಡುವಂತಿರಲಿಲ್ಲ. ನಾನು ತಕರಾರು ಸಲ್ಲಿಸಿದ್ದೆ.

"ನಲವತ್ತು ರೋಗಿಗಳಿಗೆ ಕುಡಿಸಿದೀನಿ ಸಾರ್, ಎಲ್ಲರೂ ವಾಸಿಯಾದ್ರು," ಎಂದ ಅವನು.

ನಾನು ಅಧಿಕಾರಿಗೆ ಹೇಳಿದೆ: "ಮದ್ದಿನ ಗುಟ್ಟು ಕೇಳೋಕೆ ಬಂದೋರಿಗೆ ನಾವು ಒಂದು ಸುಳ್ಳು ಬೇರು ಸೇರಿಸಿ ಹೇಳ್ತೀವಿ ಸ್ವಾಮಿ. ಇವರಿಗೆ ಹೇಳಿದ್ದು ವಿಷದ ಬೇರು. ಅರ್ಜೀಲೂ ಅದೇ ಐತೆ. ಕುಡಿದೋರು ಮೂರು ದಿನ ಉಳಿಯಲ್ಲ. ಆ ನಲವತ್ತು ಜನರನ್ನ ಎಲ್ಲಿ ಮಣ್ಣು ಮಾಡಿದ್ರು, ಕೇಳಿ."

ಅವನ ಮುಖ ಬಿಳಿಚಿತು. "ಯಾರಿಗೂ ಕುಡಿಸಿಲ್ಲ ಸಾರ್. ಸುಮ್ನೆ ಬರೆದಿದ್ದು."

ಅಧಿಕಾರಿ ಅದನ್ನು ಬರೆದುಕೊಂಡು ಸಹಿ ಹಾಕಿಸಿದರು. ಅರ್ಜಿ ವಾಪಸ್ ಪಡೆದು ಅವನು ಅಂದೇ ಊರು ಬಿಟ್ಟ.

ನಾನು ಕಚೇರಿಯ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚಿ, ಅದೇ ಬೇರಿನ ಉಪ್ಪಿನಕಾಯಿ ನಂಚಿಕೊಂಡು ಉಂಡೆ.